ಡ್ರ್ಯಾಗ್ ಕಾರಿನ ಸಿಂಥೆಟಿಕ್ ಆಯಿಲ್: ಎಷ್ಟು ಓಟಕ್ಕೊಮ್ಮೆ ಬದಲಿಸಬೇಕು?

ಡ್ರ್ಯಾಗ್ ರೇಸಿಂಗ್ ಕಾರಿನಲ್ಲಿ ಸಿಂಥೆಟಿಕ್ ಎಂಜಿನ್ ಆಯಿಲ್ ಅನ್ನು ಎಷ್ಟಕ್ಕೊಮ್ಮೆ ಬದಲಿಸಬೇಕು ಎಂಬುದು ಇವತ್ತಿನ ಈ ಉಪನ್ಯಾಸದಲ್ಲಿ ನಾನು ಉತ್ತರಿಸಬೇಕಾದ ಪ್ರಶ್ನೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ವಾರದ ಐದು ದಿನ ಆಯಿಲ್ ಪರೀಕ್ಷಿಸುವ ಪ್ರಯೋಗಾಲಯದಲ್ಲೂ ಉಳಿದೆರಡು ದಿನ ಗೆಳೆಯನೊಬ್ಬನ ರೇಸ್ ಕಾರಿನ ಅಡಿಯಲ್ಲೂ ಹಲವು ವರ್ಷ ಕಳೆದವನು ನಾನು. ಎರಡೂ ಕಡೆ ನನಗೆ ಅತಿ ಹೆಚ್ಚು ಎದುರಾದ ಪ್ರಶ್ನೆ ಇದೇ. ಕೇಳುವವರು ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು ಬಯಸುತ್ತಾರೆ. ಸಂಖ್ಯೆಗಳನ್ನು ನಾನು ಕೊಡುತ್ತೇನೆ, ಆದರೆ ಸ್ವಲ್ಪ ತಡವಾಗಿ, ಏಕೆಂದರೆ ಆಯಿಲ್ ಯಾವುದರಿಂದ ಕೆಡುತ್ತದೆ ಎಂದು ತಿಳಿಯದೆ ಸಂಖ್ಯೆಯನ್ನಷ್ಟೇ ಹಿಡಿದುಕೊಂಡು ಹೋದವರ ಎಂಜಿನ್‌ಗಳನ್ನು ಬಿಚ್ಚಿ ನೋಡಿದ್ದೇನೆ. ಅವುಗಳಲ್ಲಿ ಒಂದು ನಮ್ಮದೇ ಆಗಿತ್ತು.

ಮೊದಲು ಕಿಲೋಮೀಟರ್ ಲೆಕ್ಕವನ್ನು ಮನಸ್ಸಿನಿಂದ ತೆಗೆದುಹಾಕೋಣ. ನಿಮ್ಮ ಮನೆಯ ಕಾರಿನ ಸರ್ವಿಸ್ ಪುಸ್ತಕದಲ್ಲಿ 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಬರೆದಿರಬಹುದು. ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್, ನೇರವಾಗಿ ಓಡುವುದು; ಹಲವು ಕಡೆ ಅದರ ಅರ್ಧ, 201 ಮೀಟರ್ ಮಾತ್ರ. ಮೂವತ್ತು ಓಟ ಮುಗಿಸಿದ ಕಾರು ರೇಸ್ ಎಂಬ ಲೆಕ್ಕದಲ್ಲಿ ಹನ್ನೆರಡು ಕಿಲೋಮೀಟರ್ ಓಡಿರುತ್ತದೆ. ಟೈರ್ ಬಿಸಿ ಮಾಡಲು ಚಕ್ರ ತಿರುಗಿಸಿದ್ದು, ಹಿಂದಿರುಗುವ ದಾರಿಯಲ್ಲಿ ಮೆಲ್ಲಗೆ ಬಂದದ್ದು ಎಲ್ಲವನ್ನೂ ಸೇರಿಸಿದರೂ ಅದು ಬೆಂಗಳೂರಿನಿಂದ ರಾಮನಗರ ಮುಟ್ಟುವಷ್ಟು ದೂರ. ಹೀಗಿರುವಾಗ 10,000 ಕಿಲೋಮೀಟರ್ ಎಂಬ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. ಆ ಲೆಕ್ಕದಲ್ಲಿ ಹೋದರೆ ಕಾರಿನ ಮಾಲೀಕನ ಆಯುಷ್ಯ ಮುಗಿದರೂ ಆಯಿಲ್‌ನ ಸರದಿ ಬರುವುದಿಲ್ಲ.

ಹಾಗಾದರೆ ಸಿಂಥೆಟಿಕ್ ಆಯಿಲ್ ಹೆಚ್ಚು ಬಾಳುತ್ತದೆ ಎನ್ನುವುದು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ, ಆದರೆ ಅದು ಯಾವುದರ ಎದುರು ಹೆಚ್ಚು ಬಾಳುತ್ತದೆ ಎಂಬುದನ್ನು ಕೇಳಬೇಕು. ಮೂಲ ಎಣ್ಣೆಗಳನ್ನು ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ ಐದು ಗುಂಪುಗಳಾಗಿ ವಿಂಗಡಿಸುತ್ತದೆ. ನಾಲ್ಕನೆಯದು ಎಥಿಲೀನ್‌ನಿಂದ ಪಡೆದ ಅಣುಗಳನ್ನು ಜೋಡಿಸಿ ಕಟ್ಟಿದ ಪಾಲಿ ಆಲ್ಫಾ ಓಲಿಫಿನ್; ಐದನೆಯದರಲ್ಲಿ ಎಸ್ಟರ್‌ಗಳು ಮತ್ತು ಇತರವು ಬರುತ್ತವೆ; ಮೂರನೆಯದು ಕಚ್ಚಾತೈಲದಿಂದಲೇ ಬಂದು, ಹೈಡ್ರೋಜನ್‌ನೊಡನೆ ತೀವ್ರ ಸಂಸ್ಕರಣೆಗೆ ಒಳಗಾದ ಎಣ್ಣೆ. ಈ ಮೂರನೆಯ ಗುಂಪನ್ನು ಸಿಂಥೆಟಿಕ್ ಎಂದು ಕರೆಯಬಹುದೇ ಎಂಬ ಬಗ್ಗೆ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ನಡುವೆ ಅಮೆರಿಕದ ಜಾಹೀರಾತು ಸ್ವನಿಯಂತ್ರಣ ವ್ಯವಸ್ಥೆಯ ಮುಂದೆ ನಡೆದ ವ್ಯಾಜ್ಯ 1999ರಲ್ಲಿ ಕರೆಯಬಹುದು ಎಂಬ ಕಡೆಗೆ ತೀರ್ಮಾನವಾಯಿತು. ಆದ್ದರಿಂದ ಡಬ್ಬದ ಮೇಲೆ ಸಿಂಥೆಟಿಕ್ ಎಂದಿದ್ದರೆ ಒಳಗಿರುವುದು ಒಂದೇ ಬಗೆಯ ದ್ರವ ಎಂದು ತಿಳಿಯಬೇಡಿ. ಇವೆಲ್ಲಕ್ಕೂ ಸಮಾನವಾದ ಗುಣವೆಂದರೆ ಶಾಖವನ್ನು ತಡೆದುಕೊಳ್ಳುವ ಶಕ್ತಿ ಮತ್ತು ಗಾಳಿಯ ಆಮ್ಲಜನಕದೊಡನೆ ಸೇರಿ ಹಳಸದಿರುವ ಶಕ್ತಿ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ 100 ಡಿಗ್ರಿ ಶಾಖದಲ್ಲಿ ಸುತ್ತುವ ಆಯಿಲ್‌ಗೆ ಹೀಗೆ ಹಳಸುವುದೇ, ಅಂದರೆ ಉತ್ಕರ್ಷಣವೇ, ದೊಡ್ಡ ಶತ್ರು. ಅಲ್ಲಿ ಸಿಂಥೆಟಿಕ್ ನಿಜವಾಗಿಯೂ ಗೆಲ್ಲುತ್ತದೆ.

ಡ್ರ್ಯಾಗ್ ಕಾರಿನ ಆಯಿಲ್ ಸಾಯುವುದು ಹೀಗಲ್ಲ. ಅಲ್ಲಿ ಎಂಜಿನ್ ಶುರುವಾಗಿ ಕೆಲವು ನಿಮಿಷ ನಿಂತಲ್ಲೇ ಓಡುತ್ತದೆ, ಸಾಲಿನಲ್ಲಿ ಕಾಯುತ್ತದೆ, ಹತ್ತು ಹನ್ನೆರಡು ಸೆಕೆಂಡು ಪೂರ್ಣ ಬಲದಿಂದ ಓಡುತ್ತದೆ, ಆಮೇಲೆ ಆರಿಸಿ ತಣ್ಣಗಾಗಲು ಬಿಡುತ್ತಾರೆ. ಸಂಪ್‌ನಲ್ಲಿರುವ, ಅಂದರೆ ಎಂಜಿನ್ ತಳದ ತೊಟ್ಟಿಯಲ್ಲಿರುವ, ಆಯಿಲ್ ಎಷ್ಟೋ ಸಲ 70 ಡಿಗ್ರಿಯನ್ನೂ ಮುಟ್ಟಿರುವುದಿಲ್ಲ. ಅದನ್ನು ಕೊಲ್ಲುವುದು ಶಾಖವಲ್ಲ, ಹೊರಗಿನಿಂದ ಒಳಗೆ ಬಂದು ಸೇರುವ ವಸ್ತುಗಳು: ಇಂಧನ, ನೀರು ಮತ್ತು ಲೋಹದ ಕಣ. ಈ ಮೂರನ್ನೂ ಸಿಂಥೆಟಿಕ್ ಆಯಿಲ್ ತಡೆಯಲಾರದು. ಪೆಟ್ರೋಲ್ ಬೆರೆತರೆ ಅಗ್ಗದ ಮಿನರಲ್ ಆಯಿಲ್ ಎಷ್ಟು ತೆಳುವಾಗುತ್ತದೆಯೋ, ದುಬಾರಿ ಆಯಿಲ್ ಕೂಡ ಹೆಚ್ಚುಕಡಿಮೆ ಅಷ್ಟೇ ತೆಳುವಾಗುತ್ತದೆ. ನಾಲ್ಕು ಪಟ್ಟು ಹಣ ಕೊಟ್ಟು ತಂದ ಆಯಿಲ್ ನಾಲ್ಕು ಪಟ್ಟು ಬಾಳಬೇಕು ಎಂಬ ನಂಬಿಕೆ ಇಲ್ಲಿಯೇ ಮುರಿದು ಬೀಳುತ್ತದೆ. ಇಂದು ನಾನು ಹೇಳಬೇಕಾದ ಮುಖ್ಯ ಮಾತು ಇದು; ಉಳಿದದ್ದೆಲ್ಲ ಇದರ ವಿವರ.

ಇಂಧನ ಹೇಗೆ ಆಯಿಲ್‌ಗೆ ಸೇರುತ್ತದೆ? ರೇಸ್ ಎಂಜಿನ್‌ಗೆ ಗಾಳಿ ಮತ್ತು ಇಂಧನದ ಮಿಶ್ರಣದಲ್ಲಿ ಇಂಧನವನ್ನು ಸ್ವಲ್ಪ ಹೆಚ್ಚಾಗಿಯೇ ಕೊಡುತ್ತಾರೆ, ಏಕೆಂದರೆ ಹೆಚ್ಚಿನ ಇಂಧನವು ಸಿಲಿಂಡರನ್ನು ತಂಪಾಗಿಡುತ್ತದೆ ಮತ್ತು ಪಿಸ್ಟನ್ ಕರಗದಂತೆ ಕಾಯುತ್ತದೆ. ಬಲವಾಗಿ ಹೊಡೆದು ಮಾಡಿದ ಫೋರ್ಜ್ಡ್ ಪಿಸ್ಟನ್‌ಗಳು ಬಿಸಿಯಾದಾಗ ಹಿಗ್ಗುವುದರಿಂದ ಅವುಗಳಿಗೂ ಬೋರ್‌ಗೂ, ಅಂದರೆ ಸಿಲಿಂಡರಿನ ಒಳಗೋಡೆಗೂ, ನಡುವೆ ಹೆಚ್ಚು ಅಂತರ ಬಿಟ್ಟಿರುತ್ತಾರೆ, ಪಿಸ್ಟನ್ ಸುತ್ತಲಿನ ರಿಂಗ್‌ಗಳ ಎರಡು ತುದಿಗಳ ನಡುವಿನ ಸಂದೂ ಅಗಲವಾಗಿರುತ್ತದೆ. ಎಂಜಿನ್ ತಣ್ಣಗಿರುವಾಗ ಈ ಸಂದುಗಳು ಇನ್ನೂ ತೆರೆದಿರುತ್ತವೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿನ ಸಂಪ್‌ಗೆ ಇಳಿಯುತ್ತದೆ. ಪ್ರತಿದಿನ ಓಡುವ ಕಾರಿನಲ್ಲಿ ಆಯಿಲ್ ಬಿಸಿಯಾದಾಗ ಹೀಗೆ ಬೆರೆತ ಪೆಟ್ರೋಲಿನ ಬಹುಭಾಗ ಆವಿಯಾಗಿ ಹೋಗುತ್ತದೆ. ಡ್ರ್ಯಾಗ್ ಕಾರಿನಲ್ಲಿ ಹಾಗೆ ಆವಿಯಾಗುವಷ್ಟು ಹೊತ್ತು ಆಯಿಲ್ ಬಿಸಿಯಾಗಿ ಇರುವುದೇ ಇಲ್ಲ. ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಆಯಿಲ್‌ನ ಮಟ್ಟ ಹಿಂದಿಗಿಂತ ಏರಿದ್ದರೆ, ಎಂಜಿನ್ ಆಯಿಲ್ ತಿನ್ನುತ್ತಿಲ್ಲ ಎಂದು ಸಂತೋಷಪಡಬೇಡಿ, ಅದರ ವಾಸನೆ ನೋಡಿ. ಪೆಟ್ರೋಲ್ ಬಂಕಿನ ವಾಸನೆ ಬಂದರೆ ಅಂದೇ ಬದಲಿಸಿ.

ನಮ್ಮ ಕಾರಿನ ಕಥೆಯನ್ನು ಇಲ್ಲಿ ಹೇಳಬೇಕು. ಗೆಳೆಯನದು ದೊಡ್ಡ ವಿ-8 ಎಂಜಿನ್‌ನ ಹಳೆಯ ಕಾರು, ಕಾರ್ಬ್ಯುರೇಟರ್‌ನದು, ಕಾಲು ಮೈಲಿಯನ್ನು ಹನ್ನೊಂದು ಸೆಕೆಂಡಿನ ಆಸುಪಾಸಿನಲ್ಲಿ ಓಡುತ್ತಿತ್ತು. ಆ ವರ್ಷ ನಾವು ಮೊದಲ ಬಾರಿಗೆ ಒಳ್ಳೆಯ ಸಿಂಥೆಟಿಕ್ ಆಯಿಲ್ ಹಾಕಿದೆವು, ಮತ್ತು ಅದು ಒಳ್ಳೆಯದು ಎಂಬ ಒಂದೇ ಕಾರಣಕ್ಕೆ ಇಡೀ ಋತುವಿನಲ್ಲಿ ಅದನ್ನು ಮುಟ್ಟಲಿಲ್ಲ. ಇಂಡಿಯಾನಾದಲ್ಲಿ ರೇಸ್ ಋತು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇರುತ್ತದೆ. ಅರವತ್ತಕ್ಕಿಂತ ಹೆಚ್ಚು ಓಟಗಳಾದವು. ಸೆಪ್ಟೆಂಬರ್‌ನಲ್ಲಿ ಓಟದ ಕೊನೆಯಲ್ಲಿ ಆಯಿಲ್ ಒತ್ತಡ ಮೊದಲಿನಷ್ಟು ನಿಲ್ಲುತ್ತಿಲ್ಲ ಎಂದು ಗೆಳೆಯ ಎರಡು ಸಲ ಹೇಳಿದ. ನಾನು ಮಾಪಕ ಹಳೆಯದು ಎಂದೆ. ದಿನವಿಡೀ ಇತರರ ಆಯಿಲ್ ಪರೀಕ್ಷಿಸುವ ನಾನು ನಮ್ಮದರ ಒಂದು ಚಿಕ್ಕ ಸೀಸೆಯನ್ನೂ ಪ್ರಯೋಗಾಲಯಕ್ಕೆ ಒಯ್ದಿರಲಿಲ್ಲ. ಅಕ್ಟೋಬರ್‌ನಲ್ಲಿ ಸಂಪ್ ಬಿಚ್ಚಿದಾಗ, ಪಿಸ್ಟನ್‌ಗಳು ಸುತ್ತಿಸುವ ದಂಡವಾದ ಕ್ರ್ಯಾಂಕ್‌ನ ಬೇರಿಂಗ್ ಶೆಲ್‌ಗಳ ಮೇಲಿನ ಬೂದು ಪದರ ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಆಗ ಪರೀಕ್ಷಿಸಿದ ಆಯಿಲ್ 50 ಗ್ರೇಡಿನದಾಗಿ ಒಳಗೆ ಹೋಗಿ 30 ಗ್ರೇಡಿನದಾಗಿ ಹೊರಗೆ ಬಂದಿತ್ತು.

ಈ ಗ್ರೇಡ್‌ನ ಮಾತನ್ನು ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಕೇಳಬೇಕು. ಎಸ್‌ಎಇ ಜೆ300 ಎಂಬ ಮಾನದಂಡದ ಪ್ರಕಾರ 100 ಡಿಗ್ರಿ ಶಾಖದಲ್ಲಿ ಆಯಿಲ್‌ನ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, 16.3ರಿಂದ 21.9 ಸೆಂಟಿಸ್ಟೋಕ್‌ವರೆಗೆ ಇದ್ದರೆ ಅದು 50 ಗ್ರೇಡ್; 12.5ರಿಂದ 16.3ರವರೆಗೆ 40, 9.3ರಿಂದ 12.5ರವರೆಗೆ 30. ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಒಟ್ಟು ಅಂತರವೇ ಸಾಮಾನ್ಯವಾಗಿ 50ರಿಂದ 75 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪದಷ್ಟು. ಭಾರ ಬಿದ್ದ ಕ್ಷಣದಲ್ಲಿ ಆ ಅಂತರ ಒಂದು ಕಡೆಗೆ ಒತ್ತಿಕೊಂಡು, ಲೋಹವನ್ನು ಲೋಹದಿಂದ ದೂರವಿಡುವ ಪದರ ಕೆಲವೇ ಮೈಕ್ರಾನ್‌ಗೆ ಇಳಿಯುತ್ತದೆ. ಆ ಪದರವನ್ನು ಎತ್ತಿ ಹಿಡಿಯುವುದು ಆಯಿಲ್‌ನ ಸ್ನಿಗ್ಧತೆ ಮತ್ತು ಕ್ರ್ಯಾಂಕ್‌ನ ವೇಗ. 50ರ ಆಯಿಲ್‌ಗೆ ಎಂದು ಲೆಕ್ಕ ಹಾಕಿ ಬಿಟ್ಟ ಅಂತರದಲ್ಲಿ 30ರ ಆಯಿಲ್ ಓಡಿದಾಗ ಬೇರಿಂಗ್ ಒಮ್ಮೆಲೇ ಹೋಗುವುದಿಲ್ಲ. ಪ್ರತಿ ಓಟದಲ್ಲಿ ಇಷ್ಟಿಷ್ಟೇ ಸವೆಯುತ್ತದೆ. ಹಾಗಾಗಿ ತಪ್ಪು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಇನ್ನು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಅದರ ಬಹುಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ, ಆದರೆ ರಿಂಗ್‌ಗಳನ್ನು ದಾಟಿ ಕೆಳಗೆ ನುಸುಳುವ ಅನಿಲದ ಜೊತೆ ಒಂದು ಪಾಲು ತಣ್ಣನೆಯ ಸಂಪ್‌ಗೆ ಬಂದು ಹನಿಗಟ್ಟುತ್ತದೆ. ಆಯಿಲ್‌ನಲ್ಲಿ ನೀರಿದೆಯೇ ಎಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಕಾದ ಹಂಚಿನ ಮೇಲೆ ಒಂದು ಹನಿ ಆಯಿಲ್ ಬಿಡಿ. ಒಗ್ಗರಣೆಯ ಎಣ್ಣೆಗೆ ನೀರು ಬಿದ್ದಂತೆ ಚಟಪಟ ಎಂದರೆ ನೀರಿದೆ ಎಂದೇ ಅರ್ಥ. ಹಂಚು ಕೆಂಪಗೆ ಕಾಯುವುದು ಬೇಡ, ಆಯಿಲ್ ಹೊಗೆಯಾಡದಷ್ಟು ಬಿಸಿ ಸಾಕು, ಕಣ್ಣಿಗೆ ಕನ್ನಡಕವಿರಲಿ, ಪಕ್ಕದಲ್ಲಿ ಇಂಧನವಿರಬಾರದು. ಇದು ನಮ್ಮ ಪ್ರಯೋಗಾಲಯಗಳಲ್ಲಿಯೂ ಮೊದಲ ಪರೀಕ್ಷೆಯಾಗಿ ಬಳಕೆಯಲ್ಲಿದೆ.

ಮೆಥನಾಲ್ ಉರಿಸುವ ಕಾರುಗಳಲ್ಲಿ ಈ ಸಮಸ್ಯೆ ಹಲವು ಪಟ್ಟು ಹೆಚ್ಚು. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು; ಒಂದು ಕಿಲೋ ಮೆಥನಾಲ್‌ಗೆ 6.4 ಕಿಲೋ ಸಾಕು. ಬೇರೆ ಮಾತಿನಲ್ಲಿ ಹೇಳುವುದಾದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ದ್ರವ ಸಿಲಿಂಡರಿಗೆ ಹೋಗುತ್ತದೆ, ಅದರಲ್ಲಿ ಉಳಿದದ್ದೆಲ್ಲ ಕೆಳಗೆ ಇಳಿಯುತ್ತದೆ. ಮೆಥನಾಲ್ ಆಯಿಲ್‌ನಲ್ಲಿ ಕರಗುವುದೂ ಇಲ್ಲ, ನೀರನ್ನು ಸೆಳೆದುಕೊಂಡು ಆಯಿಲ್‌ನೊಡನೆ ಕಲಕಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿಸುತ್ತದೆ. ವಾಲ್ವ್ ಕವರ್ ತೆಗೆದಾಗ ಆ ಬಣ್ಣ ಕಂಡರೆ ಎಷ್ಟು ಓಟವಾಯಿತು ಎಂದು ಎಣಿಸುತ್ತ ಕೂರಬಾರದು. ಮೆಥನಾಲ್ 65 ಡಿಗ್ರಿಗೆ ಕುದಿಯುವುದರಿಂದ ಆಯಿಲ್ ಅನ್ನು ಹೀಟರ್‌ನಿಂದ ಬಿಸಿ ಮಾಡಿದರೆ ಅದು ಹೊರಟುಹೋಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ, ಮತ್ತು ಓಟಕ್ಕೆ ಮೊದಲು ಸಂಪ್ ಬಿಸಿ ಮಾಡುವುದು ಒಳ್ಳೆಯ ಅಭ್ಯಾಸವೂ ಹೌದು. ಆದರೆ ನೀರು ಅಷ್ಟು ಸುಲಭವಾಗಿ ಹೋಗುವುದಿಲ್ಲ, ಮತ್ತು ಆಯಿಲ್‌ನಲ್ಲಿದ್ದು ಈಗಾಗಲೇ ಸವೆದುಹೋದ ರಕ್ಷಕ ರಾಸಾಯನಿಕಗಳು ಬಿಸಿ ಮಾಡಿದರೆ ಮರಳಿ ಬರುವುದಿಲ್ಲ. ಮೆಥನಾಲ್ ಓಡಿಸುವ ಎಷ್ಟೋ ಅನುಭವಿಗಳು ಸಿಂಥೆಟಿಕ್ ಬಿಟ್ಟು ಸಾಧಾರಣ ರೇಸಿಂಗ್ ಆಯಿಲ್ ಬಳಸಿ ಬೇಗ ಬೇಗ ಚೆಲ್ಲುವುದು ಇದಕ್ಕಾಗಿಯೇ. ನನಗೆ ಅದು ಸರಿಯಾದ ಜಾಣತನ ಎನ್ನಿಸುತ್ತದೆ.

ಈ ತರ್ಕದ ತುತ್ತತುದಿಯನ್ನು ನೋಡಬೇಕಾದರೆ ಟಾಪ್ ಫ್ಯೂಯೆಲ್ ವರ್ಗಕ್ಕೆ ಹೋಗಬೇಕು. 1951ರಲ್ಲಿ ವಾಲಿ ಪಾರ್ಕ್ಸ್ ಅವರು ಸ್ಥಾಪಿಸಿದ, ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯ ಅತ್ಯಂತ ವೇಗದ ವರ್ಗ ಅದು. 8.2 ಲೀಟರ್‌ನ ಎಂಜಿನ್, ಶೇ 90ರವರೆಗೆ ನೈಟ್ರೋಮೀಥೇನ್ ಇರುವ ಇಂಧನ. ಒಂದು ಕಿಲೋ ನೈಟ್ರೋಮೀಥೇನ್‌ಗೆ 1.7 ಕಿಲೋ ಗಾಳಿ ಮಾತ್ರ ಸಾಕಾಗುವುದರಿಂದ ಇಂಧನ ಹನಿಹನಿಯಾಗಿ ಅಲ್ಲ, ಕೊಳಾಯಿಯಿಂದ ಬಿಟ್ಟಂತೆ ಸುರಿಯುತ್ತದೆ. 2008ರಲ್ಲಿ ಚಾಲಕ ಸ್ಕಾಟ್ ಕಲಿಟ್ಟಾ ಅವರು ಅಪಘಾತದಲ್ಲಿ ತೀರಿಕೊಂಡ ನಂತರ ಈ ವರ್ಗದ ಓಟವನ್ನು ಕಾಲು ಮೈಲಿಯಿಂದ 1,000 ಅಡಿಗೆ, ಅಂದರೆ 305 ಮೀಟರಿಗೆ, ಇಳಿಸಿದರು. ಆ ದೂರವನ್ನು ಕಾರು 3.7 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ. ನಿಮಿಷಕ್ಕೆ 8,000 ಸುತ್ತು ಎಂದು ಹಿಡಿದರೆ ಕ್ರ್ಯಾಂಕ್ ಇಡೀ ಓಟದಲ್ಲಿ ಸುತ್ತುವುದು ಸುಮಾರು 500 ಸಲ. ನಿಮ್ಮ ಸ್ಕೂಟರಿನ ಎಂಜಿನ್ ಸಿಗ್ನಲ್‌ನಲ್ಲಿ ನಿಂತಾಗ ಅದಕ್ಕಿಂತ ಹೆಚ್ಚು ಸುತ್ತುತ್ತದೆ. ಆದರೂ ಆ 500 ಸುತ್ತಿನ ನಂತರ ಆಯಿಲ್ ಅನ್ನು ಚೆಲ್ಲಿ ಹೊಸದನ್ನು ಹಾಕುತ್ತಾರೆ, ಎಂಜಿನ್ ಬಿಚ್ಚಿ ಬೇರಿಂಗ್ ನೋಡುತ್ತಾರೆ, ಪ್ರತಿ ಓಟಕ್ಕೂ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಸಾಕು, ಉರಿಯದ ಇಂಧನ ನೇರವಾಗಿ ಆಯಿಲ್‌ಗೆ ಹೋಗುತ್ತದೆ. ಓಟ ಚಿಕ್ಕದಾದಷ್ಟೂ ಆಯಿಲ್ ಹೆಚ್ಚು ಬಾಳುತ್ತದೆ ಎಂದು ತಿಳಿದವರಿಗೆ ಈ ವರ್ಗವೇ ಉತ್ತರ.

ಈಗ ನಾನು ಮಾತು ಕೊಟ್ಟ ಸಂಖ್ಯೆಗಳು. ಇವು ನಿಯಮಗಳಲ್ಲ, ನಾವು ಪಾಲಿಸುವ ಪದ್ಧತಿ. ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ, ಸೂಪರ್‌ಚಾರ್ಜರ್, ಹೆಚ್ಚು ಆಮ್ಲಜನಕ ಕೊಡುವ ನೈಟ್ರಸ್ ಅನಿಲ ಯಾವುದೂ ಇಲ್ಲದ, ಪೆಟ್ರೋಲಿನಿಂದ ಓಡುವ, ಮಿಶ್ರಣ ಸರಿಯಾಗಿ ಹೊಂದಿಸಿದ ಕಾರಿಗೆ 20ರಿಂದ 25 ಓಟಕ್ಕೊಮ್ಮೆ ಬದಲಿಸುತ್ತೇವೆ. ಅಷ್ಟು ಓಟವಾಗದಿದ್ದರೂ ಋತುವಿನಲ್ಲಿ ಎರಡು ಸಲವಾದರೂ ಬದಲಿಸುತ್ತೇವೆ. ನೈಟ್ರಸ್ ಅಥವಾ ಟರ್ಬೊ ಇದ್ದರೆ ಇದರ ಅರ್ಧ. ಶೇ 85 ಎಥನಾಲ್ ಇರುವ ಇಂಧನಕ್ಕೂ ಅರ್ಧವೇ ಎಂದು ಇಟ್ಟುಕೊಳ್ಳಿ, ಏಕೆಂದರೆ ಅದೂ ಪೆಟ್ರೋಲಿಗಿಂತ ಹೆಚ್ಚು ಸುರಿಯುತ್ತದೆ, ಅದೂ ನೀರನ್ನು ಸೆಳೆಯುತ್ತದೆ. ಮೆಥನಾಲ್ ಕಾರಿಗೆ ಪ್ರತಿ ರೇಸ್ ವಾರಾಂತ್ಯ ಮುಗಿದ ಮೇಲೆ, ಸೂಪರ್‌ಚಾರ್ಜರ್ ಕೂಡ ಇದ್ದರೆ ಕೆಲವೇ ಓಟಕ್ಕೊಮ್ಮೆ. ನೈಟ್ರೋಮೀಥೇನ್‌ಗೆ ಪ್ರತಿ ಓಟ. ಫಿಲ್ಟರ್ ಅನ್ನು ಪ್ರತಿ ಸಲವೂ ಆಯಿಲ್‌ನ ಜೊತೆಗೇ ಬದಲಿಸಬೇಕು. ಹಳೆಯ ಫಿಲ್ಟರ್ ಉಳಿಸಿಕೊಂಡು ಹೊಸ ಆಯಿಲ್ ಹಾಕುವುದು ಸ್ನಾನ ಮಾಡಿ ಕೊಳೆಬಟ್ಟೆ ಉಟ್ಟಂತೆ.

ಹಿಂದಿನ ಸಾಲಿನಿಂದ ಒಬ್ಬರು, ಹಾಗಾದರೆ ಸಿಂಥೆಟಿಕ್‌ಗೆ ಹಣ ಏಕೆ ಕೊಡಬೇಕು ಎಂದು ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ತಣ್ಣನೆಯ ಎಂಜಿನ್‌ನಲ್ಲಿ ಅದು ಬೇಗ ಹರಿಯುತ್ತದೆ. ಟರ್ಬೊದ ಬೇರಿಂಗ್‌ನಂತಹ ಅತಿ ಬಿಸಿ ಜಾಗದಲ್ಲಿ ಸುಟ್ಟು ಕರಿಯಾಗುವುದಿಲ್ಲ. ಅದೇ ರಕ್ಷಣೆಯನ್ನು ಸ್ವಲ್ಪ ತೆಳು ಗ್ರೇಡಿನಲ್ಲಿ ಪಡೆದು ಒಂದಿಷ್ಟು ಶಕ್ತಿ ಉಳಿಸಬಹುದು. ಇವು ನಿಜವಾದ ಲಾಭಗಳು, ಇವಕ್ಕಾಗಿ ಹಣ ಕೊಡಿ. ಬದಲಿಸುವ ಅವಧಿಯನ್ನು ಹಿಗ್ಗಿಸುವುದಕ್ಕಾಗಿ ಕೊಡಬೇಡಿ.

ಆಯಿಲ್ ಆರಿಸುವಾಗ ಇನ್ನೊಂದು ವಿಷಯ ನೋಡಬೇಕು. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜುವ ಜಾಗವನ್ನು ಕಾಯುವುದು ಸತು ಮತ್ತು ರಂಜಕ ಇರುವ ಒಂದು ರಾಸಾಯನಿಕ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದೆಂದು ಇತ್ತೀಚಿನ ರಸ್ತೆ ಕಾರುಗಳ ತೆಳು ಗ್ರೇಡಿನ ಆಯಿಲ್‌ಗಳಲ್ಲಿ ರಂಜಕಕ್ಕೆ ಶೇ 0.08ರ ಮಿತಿ ಹಾಕಿದ್ದಾರೆ. ರೇಸಿಂಗ್ ಆಯಿಲ್‌ಗೆ ಆ ಮಿತಿ ಇಲ್ಲ, ಆದರೆ ಅದರಲ್ಲಿ ಆಮ್ಲವನ್ನು ತಟಸ್ಥಗೊಳಿಸುವ ಮತ್ತು ಕೊಳೆ ತೊಳೆಯುವ ಅಂಶ ಸಾಮಾನ್ಯವಾಗಿ ಕಡಿಮೆ. ಅದನ್ನು ತಯಾರಿಸಿದವರೇ ಇದು ಬೇಗ ಬದಲಾಗುವ ಆಯಿಲ್ ಎಂದು ಎಣಿಸಿ ತಯಾರಿಸಿರುತ್ತಾರೆ. ರೇಸಿಂಗ್ ಆಯಿಲ್ ಎಂಬ ಹೆಸರು ನೋಡಿ, ಇದು ರಸ್ತೆಯ ಆಯಿಲ್‌ಗಿಂತ ಗಟ್ಟಿಯಾದ್ದರಿಂದ ಹೆಚ್ಚು ಕಾಲ ಇರುತ್ತದೆ ಎಂದು ತೀರ್ಮಾನಿಸುವುದು ಎರಡನೆಯ ದೊಡ್ಡ ತಪ್ಪು.

ನಿಮ್ಮ ಕಾರಿಗೆ ಸರಿಯಾದ ಸಂಖ್ಯೆ ಯಾವುದು ಎಂಬುದನ್ನು ನಿಮ್ಮ ಹಳೆಯ ಆಯಿಲ್ ಹೇಳುತ್ತದೆ. ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ. ನಾನು ಅನುಸರಿಸುವ ಅಳತೆ ಇಷ್ಟು: ಪೆಟ್ರೋಲ್ ಶೇ 2 ದಾಟಿದರೆ ಎಚ್ಚರಿಕೆ, ಶೇ 5 ಮುಟ್ಟಿದರೆ ಆಯಿಲ್ ಮುಗಿಯಿತು, ಸ್ನಿಗ್ಧತೆ ಒಂದು ಗ್ರೇಡ್ ಕೆಳಗೆ ಇಳಿದರೂ ಮುಗಿಯಿತು. ಲೋಹಗಳ ಪಟ್ಟಿಯಲ್ಲಿ ಕಬ್ಬಿಣ ಏರಿದರೆ ಬೋರ್ ಅಥವಾ ಕ್ಯಾಮ್ ಕಡೆಗೆ ನೋಡಿ, ಅಲ್ಯೂಮಿನಿಯಂ ಏರಿದರೆ ಪಿಸ್ಟನ್ ಕಡೆಗೆ, ತಾಮ್ರ, ಸೀಸ, ತವರ ಒಟ್ಟಿಗೆ ಏರಿದರೆ ಬೇರಿಂಗ್ ಕಡೆಗೆ. ಆದರೆ ಈ ಪರೀಕ್ಷೆಗೆ ಒಂದು ಕುರುಡುಭಾಗ ಇದೆ: ಯಂತ್ರಕ್ಕೆ ಕಾಣುವುದು ಐದರಿಂದ ಹತ್ತು ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಮಾತ್ರ. ಬೇರಿಂಗ್ ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೂ ವರದಿ ಶುದ್ಧವಾಗಿ ಬರಬಹುದು. ಆದ್ದರಿಂದ ತೆಗೆದ ಫಿಲ್ಟರನ್ನು ಎಸೆಯಬೇಡಿ. ಕಟ್ಟರ್‌ನಿಂದ ಅದರ ತಗಡನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಹಿಂಡಿ, ಬಿಸಿಲಿನಲ್ಲಿ ಬಿಡಿಸಿ ಹರಡಿ ನೋಡಿ. ಗರಗಸದಿಂದ ಕತ್ತರಿಸಿದರೆ ಗರಗಸದ ಪುಡಿಯೇ ಒಳಗೆ ಬಿದ್ದು ನಿಮ್ಮನ್ನು ಹೆದರಿಸುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ. ಅಂಟದೆ ಹೊಳೆದರೆ ಬೇರಿಂಗ್ ಅಥವಾ ಪಿಸ್ಟನ್. ನಮ್ಮ ಎಂಜಿನ್‌ನ ಫಿಲ್ಟರನ್ನು ಆ ಜುಲೈನಲ್ಲಿ ಹೀಗೆ ಕತ್ತರಿಸಿದ್ದರೆ ಕ್ರ್ಯಾಂಕ್ ಉಳಿಯುತ್ತಿತ್ತು.

ಹೊಸದಾಗಿ ಕಟ್ಟಿದ ಎಂಜಿನ್‌ನ ವಿಷಯ ಬೇರೆ. ಅದಕ್ಕೆ ಮೊದಲು ಸಿಂಥೆಟಿಕ್ ಬೇಡ, ರಿಂಗ್‌ಗಳು ಬೋರ್‌ಗೆ ಹೊಂದಿ ಕೂರಲೆಂದೇ ಮಾಡಿದ ಮಿನರಲ್ ಆಯಿಲ್ ಹಾಕಿ. ಮೊದಲ ಸಲ ಶುರು ಮಾಡಿ ಅರ್ಧ ಗಂಟೆ ಓಡಿಸಿದ ಮೇಲೆ ಅದನ್ನು ತೆಗೆಯಿರಿ, ನಾಲ್ಕೈದು ಓಟದ ನಂತರ ಮತ್ತೊಮ್ಮೆ ತೆಗೆಯಿರಿ.

ನಿಮ್ಮಲ್ಲಿ ಹಲವರು ಕಾರಿಗಿಂತ ಬೈಕಿನಲ್ಲಿ ಡ್ರ್ಯಾಗ್ ಓಡಿಸುವವರು ಎಂದು ಗೊತ್ತು. ಬೈಕಿನಲ್ಲಿ ಎಂಜಿನ್, ಗೇರ್ ಮತ್ತು ಕ್ಲಚ್ ಸಾಮಾನ್ಯವಾಗಿ ಒಂದೇ ಆಯಿಲ್ ಹಂಚಿಕೊಳ್ಳುತ್ತವೆ. ಪ್ರತಿ ಲಾಂಚ್‌ನಲ್ಲಿ ಜಾರಿದ ಕ್ಲಚ್ ಪ್ಲೇಟ್‌ಗಳ ಪುಡಿ ನೇರವಾಗಿ ಎಂಜಿನ್‌ನ ಆಯಿಲ್‌ಗೆ ಬರುತ್ತದೆ, ಗೇರ್‌ನ ಹಲ್ಲುಗಳು ಆಯಿಲ್‌ನ ಉದ್ದ ಅಣುಗಳನ್ನು ಕತ್ತರಿಸಿ ತೆಳು ಮಾಡುತ್ತವೆ. ಕಾರಿಗೆ ಹೇಳಿದ ಸಂಖ್ಯೆಯನ್ನು ಬೈಕಿಗೆ ಹಚ್ಚಬೇಡಿ, ಅದರ ಅರ್ಧಕ್ಕೇ ಬದಲಿಸಿ, ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗೆ ಹೊಂದುತ್ತದೆ ಎಂದು ಸೂಚಿಸುವ ಜಾಸೋ ಎಂಎ ಗುರುತು ಇರುವ ಆಯಿಲ್ ಮಾತ್ರ ಹಾಕಿ. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲನ್ನು ಹಾಕಿ, ರಸ್ತೆಗೂ ರೇಸಿಗೂ ಒಂದೇ ವಾಹನ ಬಳಸುವವರಿಗೆ ಒಂದು ಅನುಕೂಲವಿದೆ: ರೇಸ್ ಮುಗಿಸಿ ಮನೆಗೆ ಓಡಿಸಿಕೊಂಡು ಬರುವ ಒಂದು ಗಂಟೆಯ ಪ್ರಯಾಣ ಆಯಿಲ್ ಅನ್ನು ಬಿಸಿ ಮಾಡಿ ಎಷ್ಟೋ ಇಂಧನವನ್ನೂ ನೀರನ್ನೂ ಹೊರಗೆ ಹಾಕುತ್ತದೆ. ಟ್ರೇಲರ್ ಮೇಲೆ ಹೋಗಿ ಟ್ರೇಲರ್ ಮೇಲೆ ಬರುವ ಕಾರಿಗೆ ಆ ಭಾಗ್ಯ ಇಲ್ಲ.

ಕೊನೆಯದಾಗಿ, ಕಾರು ತಿಂಗಳುಗಟ್ಟಲೆ ನಿಲ್ಲುವ ಕಾಲ. ಚಳಿಗಾಲಕ್ಕೆ ಕಾರನ್ನು ಶೆಡ್‌ಗೆ ಸೇರಿಸುವವರು ಹಳೆಯ ಆಯಿಲ್ ಇರಲಿ, ವಸಂತದಲ್ಲಿ ಹೊಸದು ಹಾಕೋಣ ಎನ್ನುತ್ತಾರೆ. ಇದು ತಲೆಕೆಳಗಾದ ಕ್ರಮ. ಹಳೆಯ ಆಯಿಲ್‌ನಲ್ಲಿರುವ ನೀರು ಮತ್ತು ಆಮ್ಲ ಐದು ತಿಂಗಳು ಅದೇ ಬೇರಿಂಗ್‌ನ ಮೇಲೆ ಕುಳಿತು ಅದನ್ನು ತಿನ್ನುತ್ತವೆ. ಋತುವಿನ ಕೊನೆಯ ಓಟ ಮುಗಿದ ದಿನವೇ, ಎಂಜಿನ್ ಇನ್ನೂ ಬಿಸಿಯಿರುವಾಗ ಆಯಿಲ್ ತೆಗೆದು, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿ, ಅದು ಎಲ್ಲ ಕಡೆಗೂ ಮುಟ್ಟುವಷ್ಟು ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಬೇಕು. ನಾವು ಈಗ ಟ್ರೇಲರಿನ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿದ್ದೇವೆ. ಓಟದ ದಿನಾಂಕ, ಹವೆಯ ಶಾಖ, ಆಯಿಲ್‌ನ ಶಾಖ, ಓಟದ ಕೊನೆಯಲ್ಲಿ ಕಂಡ ಒತ್ತಡ, ಡಿಪ್‌ಸ್ಟಿಕ್‌ನ ಮಟ್ಟ, ಇಷ್ಟನ್ನು ಅದರಲ್ಲಿ ಬರೆಯುತ್ತೇವೆ. ಈಗ ಒತ್ತಡ ಇಳಿದಂತೆ ಕಂಡರೆ ಮಾಪಕ ಹಳೆಯದು ಎಂದು ನಾನು ಹೇಳುವುದಿಲ್ಲ. ಹಿಂದಿನ ಹತ್ತು ಓಟಗಳ ಸಾಲನ್ನು ತೆಗೆದು ನೋಡುತ್ತೇನೆ.